ಹಿಡಿಯಬಾರದ ಕಂಬಿಗೆ ಒಂದು ಮನವಿ

ಸೊಂಟದೆತ್ತರದಲ್ಲಿ ನೆಲೆಸಿ, ತಾವು ಮಾತ್ರ ಬಾಗದೆ ನಮ್ಮನ್ನೆಲ್ಲ ಬಾಗಿಸುತ್ತಿರುವ ಬ್ಯಾಲೆ ತರಗತಿಯ ಮಾನ್ಯ ಮರದ ಕಂಬಿಯವರೇ,

ಎರಡು ವರ್ಷದಿಂದ ತಮ್ಮ ಕೊನೆಯ ತುದಿಯನ್ನು ಹಿಡಿದು ನಿಂತಿರುವ ದರ್ಜಿ ಹೆಂಗಸಿನ ನಮಸ್ಕಾರಗಳು. ಹನ್ನೊಂದು ವರ್ಷ ನರ್ತಕಿಯರ ಉಡುಪು ಹೊಲಿದವಳಿಗೆ, ನಲವತ್ತಾರರ ವಯಸ್ಸಿನಲ್ಲಿ, ಒಮ್ಮೆಯಾದರೂ ಕೋಣೆಯ ನಡುವೆ ನಿಂತು ಕುಣಿಯಬೇಕೆಂಬ ಆಸೆ ಹುಟ್ಟಿತು. ಪರೀಕ್ಷೆ ಪಾಸಾದವರಿಗೆ ನಡುಕೋಣೆ, ಉಳಿದವರಿಗೆ ಇನ್ನೊಂದು ವರ್ಷ ತಮ್ಮ ಸೇವೆ ಎಂಬುದು ಇಲ್ಲಿನ ನಿಯಮ.

ತಮ್ಮ ಮಹಿಮೆ ಅಪಾರ. ಆಸರೆಗೆಂದೇ ತಮ್ಮನ್ನು ಗೋಡೆಗೆ ಜಡಿದಿದ್ದಾರೆ. ಹಿಡಿದುಕೊಂಡರೆ ಟೀಚರಮ್ಮನವರು "ಹಿಡ್ಕೋಬೇಡ್ರೀ, ಬೆರಳಿಟ್ರೆ ಸಾಕು" ಎನ್ನುತ್ತಾರೆ. ಪಾದಗಳನ್ನು ಹೊರಕ್ಕೆ ತಿರುಗಿಸಬೇಕು, ಆದರೆ ಮಂಡಿಯಿಂದಲ್ಲ, ತೊಡೆಯ ಬುಡದಿಂದ. ಮಂಡಿ ಬಗ್ಗಬೇಕು, ಹಿಮ್ಮಡಿ ಏಳಬಾರದು. ಹೊಟ್ಟೆ ಒಳಕ್ಕೆ, ಭುಜ ಕೆಳಕ್ಕೆ, ಕತ್ತು ಮೇಲಕ್ಕೆ, ಮತ್ತು ಇಷ್ಟೆಲ್ಲ ಆಗುತ್ತಿರುವಾಗ ಏನೂ ಆಗದವರ ಹಾಗೆ ಮುಖದಲ್ಲೊಂದು ನಗು. ನಮ್ಮ ಯಜಮಾನರು ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಕಂಬಿ ಹಿಡ್ಕೊಂಡು ನಿಲ್ಲೋದನ್ನ ಬಸ್ಸಲ್ಲೇ ಕಲೀಬಹುದಿತ್ತಲ್ಲೇ" ಎಂದರು. ಅವರ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ.

ಇನ್ನು ಪರೀಕ್ಷೆಯ ವಿಷಯ. ಎಡಗೈ ತಮ್ಮ ಮೇಲಿಟ್ಟಾಗ ನಾನು ಸಾಲಿನ ಕೊನೆಯವಳು. ಮುಂದಿನ ಹನ್ನೆರಡು ಜನರನ್ನು ನೋಡಿಕೊಂಡು ಬಲಗಾಲು ಚಾಚಿದರಾಯಿತು. ಆಮೇಲೆ ಎಲ್ಲರೂ ಹಿಂದಕ್ಕೆ ತಿರುಗಿ ಬಲಗೈ ಇಟ್ಟು ಎಡಗಾಲು ಚಾಚಬೇಕು, ಆಗ ನಾನೇ ಮೊದಲಿನವಳು. ದಿನವೂ ಆ ಹೊತ್ತಿಗೆ ಟೀಚರಮ್ಮನವರು ನನ್ನ ಮುಂದೆ ಬಂದು ಮಾಡಿ ತೋರಿಸುತ್ತಿದ್ದರು. ಪರೀಕ್ಷೆಯಂದು ಅವರನ್ನು ಹೊರಗೆ ಕೂರಿಸಿದ್ದರು. ಕಕ್ಕಾಬಿಕ್ಕಿಯಾಗಿ ಗೋಡೆಯ ಕಡೆಗಿದ್ದ ಬಲಗಾಲನ್ನೇ ಪಕ್ಕಕ್ಕೆ ಚಾಚಿಬಿಟ್ಟೆ. ಧಡ್ ಎಂದಿತು. ನನ್ನ ಹಿಂದಿದ್ದ ಹನ್ನೆರಡು ಬಲಗಾಲುಗಳೂ ಒಂದರ ಹಿಂದೊಂದು, ಎಣಿಸಿದಂತೆ, ಗೋಡೆಗೆ ಬಡಿದವು. ಎರಡು ವರ್ಷ ನಾನು ಯಾರನ್ನು ನೋಡಿ ಕಲಿತೆನೋ ಅವರೆಲ್ಲ ನನ್ನನ್ನು ನೋಡಿ ಕಲಿಯುತ್ತಿದ್ದರೆಂದು ಆಗಲೇ ತಿಳಿದದ್ದು. ಪರೀಕ್ಷಕರು ಹದಿಮೂರು ಜನರನ್ನೂ ಫೇಲು ಮಾಡಿ, "ತಾಳ ಮಾತ್ರ ತಪ್ಪಿಲ್ಲ" ಎಂದು ಬರೆದು ಹೋದರು.

ಕುಣಿಯಲಾರದವಳು ನೆಲ ಡೊಂಕು ಎಂದಳೆಂದು ತಾವು ನಗಬಹುದು. ನೆಲದ ಮೇಲೆ ನನ್ನ ದೂರಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಬಳೆಯಂತೆ ದುಂಡಗಾಗಬೇಕು. ಆಗ ಮೊದಲಿನವರು, ಕೊನೆಯವರು ಎಂಬುದೇ ಇರದೆ, ಯಾವ ಕಡೆ ತಿರುಗಿದರೂ ಕಾಪಿ ಹೊಡೆಯಲು ಕಣ್ಣೆದುರಿಗೆ ಒಬ್ಬರಿರುತ್ತಾರೆ. ಅದಾಗದಿದ್ದರೆ ಗೋಡೆಯಿಂದ ಕಳಚಿಕೊಂಡು ನನ್ನ ಜೊತೆ ನಡುಕೋಣೆಗಾದರೂ ಬರಬೇಕು.

ಒಂದು ಮಾತು ಮುಚ್ಚಿಡಲಾರೆ. ಅಂದು ಎಲ್ಲರೂ ಹೋದಮೇಲೆ ತಮ್ಮನ್ನು ಬಿಟ್ಟು ಕೋಣೆಯ ನಡುವೆ ಒಬ್ಬಳೇ ನಿಂತು ಎಡಗಾಲು ಚಾಚಿದೆ. ಬೀಳಲಿಲ್ಲ. ಸಂತೋಷಕ್ಕೆ ಅಳುವೇ ಬಂತು. ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದರೆ, ತಾವೊಬ್ಬರೇ ಇದ್ದಿರಿ. ಸಾಕ್ಷಿ ಹೇಳುವ ಅಭ್ಯಾಸ ತಮಗಿಲ್ಲ.

ಇನ್ನೊಂದು ವರ್ಷ ತಮ್ಮ ಮೇಲೆ ಬರೀ ಬೆರಳಿಡಲಿರುವ,
ತಮ್ಮ ವಿಶ್ವಾಸಿ,
ಕೊನೆಯ ತುದಿಯ ದರ್ಜಿ

ತಾ.ಕ.: ತಮ್ಮ ನಡುವಿನ ತಿರುಪು ಸಡಿಲವಾಗಿದೆಯೆಂದು ನಾವು ಹದಿಮೂರು ಜನ ಬೈಸಿಕೊಂಡಿದ್ದೇವೆ. "ಕಂಬಿ ಮೇಲೆ ಭಾರ ಹಾಕ್ಬಾರ್ದು" ಎಂದು ಅರ್ಧ ಗಂಟೆ ಪಾಠ ಮಾಡುವಾಗ ಟೀಚರಮ್ಮನವರು ಒರಗಿಕೊಳ್ಳುವುದು ಸರಿಯಾಗಿ ಆ ಜಾಗಕ್ಕೇ. ತಾವು ಬೀಳಲೇಬೇಕೆಂದಿದ್ದರೆ, ದಯವಿಟ್ಟು ಆ ಪಾಠದ ಹೊತ್ತಿಗೇ ಬೀಳುವ ಕೃಪೆ ಮಾಡಬೇಕು.