ರಾಚಯ್ಯನ ಎರೆಹುಳದ ಪೆಟ್ಟಿಗೆ

ಪಕ್ಕದ ಮನೆಯ ಗುರುಲಿಂಗವ್ವ ಅಷ್ಟೊಂದು ಒಳ್ಳೆಯವಳಾಗಿರದಿದ್ದರೆ ರಾಚಯ್ಯನಿಗೆ ಆ ದಿನ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ಲಿಂಗಪೂಜೆ ಮುಗಿಸಿ ಅವನು ಹಿತ್ತಲಿಗೆ ಬಂದಾಗ ಆಕೆ ಅವನ ಸಗಣಿ ತುಂಬಿದ ಪೆಟ್ಟಿಗೆಯ ಮುಂದೆ ಮೊರ ಹಿಡಿದು ಕೂತಿದ್ದಳು.

“ಅಯ್ಯಾರ, ನಿಮ್ಮ ಹೆಂಡ್ಯಾಗ ಹುಳ ಬಿದ್ದಿದ್ವು ನೋಡ್ರಿ. ಜ್ವಾಳ ಆರಿಸಿದಂಗ ಒಂದೂ ಬಿಡದ ಆರಿಸೀನಿ. ಹಿಂದಿನ ಮನಿ ಮೌಲಾಬಿ ಕೋಳಿಗೆ ಹಾಕಿ ಬಂದೆ.”

ರಾಚಯ್ಯ ಪೆಟ್ಟಿಗೆಗೆ ಕೈಹಾಕಿ ಕೆದಕಿದ; ಒಂದು ಹುಳವೂ ಉಳಿದಿರಲಿಲ್ಲ. ಎಂಬತ್ಮೂರನೆಯ ಇಸವಿಯಲ್ಲಿ ಇಡೀ ವಿದ್ಯಾಗಿರಿ ಬಡಾವಣೆಗೆ ಎರೆಹುಳ ಸಾಕಿದ ಮನುಷ್ಯ ಅವನೊಬ್ಬನೇ. ಕಚೇರಿಯ ಹಳೆಯ ಸಾಹೇಬರು ಡಬ್ಬಿಯಲ್ಲಿ ಹುಳ ತಂದುಕೊಟ್ಟು, “ಗೊಬ್ಬರ ಮಾಡಿ ತೋರಸ್ರಿ, ನಿಮ್ಮ ಹುನಗುಂದದ ವರ್ಗಾ ನಿಲ್ಲಸ್ತೇನಿ” ಎಂದಿದ್ದರು. ಅಷ್ಟರಲ್ಲಿ ಅವರಿಗೇ ವರ್ಗವಾಯಿತು. ಹೊಸ ಸಾಹೇಬರು ಪೆಟ್ಟಿಗೆ ನೋಡಿ ತೀರ್ಮಾನ ಹೇಳಲು ಅಂದು ಸಂಜೆ ಐದಕ್ಕೆ ಬರುವವರಿದ್ದರು. ಹೆಂಡತಿ ಶಿವಲಿಂಗವ್ವನಿಗೆ ಇಲ್ಲಿನ ಸಾಲೆಯಲ್ಲಿ ಈಗಷ್ಟೇ ನೌಕರಿ ಸಿಕ್ಕಿತ್ತು. ಅವಳನ್ನು ಬಿಟ್ಟು ಒಬ್ಬನೇ ಹುನಗುಂದದಲ್ಲಿರುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ರಜೆ ಚೀಟಿ ಕಳಿಸಿ, ಸಲಿಕೆ, ಡಬ್ಬಿ ಹಿಡಿದು ಹೊರಟ. ಬಿಸಿಲ ನಾಡಿನಲ್ಲಿ ಹುಳ ಸಿಗಬೇಕೆಂದರೆ ಬಚ್ಚಲ ನೀರು ಹರಿಯುವ ಬಾಳೆಯ ಬುಡವೇ ಗತಿ. ಮೊದಲು ಎದುರುಮನೆಯ ಪ್ರಾಣೇಶ ಮಾಸ್ತರರ ಹಿತ್ತಲು ಅಗೆದ.

“ಏನು ಕಳಕೊಂಡೀರಿ, ರಾಚಯ್ಯನವರ?” ಮಾಸ್ತರರು ಕೇಳಿದರು.

“ಎರಿಹುಳ ಹುಡಕಾಕತ್ತೀನ್ರಿ.”

“ನಮ್ಮ ಮುಂದ ಯಾಕ ಮುಚ್ಚಿಡ್ತೀರಿ? ಬಂಗಾರ ಹೋಗೇದೇನು?”

ಮಧ್ಯಾಹ್ನದ ಹೊತ್ತಿಗೆ ಶಿವಲಿಂಗವ್ವನ ಬೋರಮಾಳ ಸರ ಬಚ್ಚಲ ನೀರಲ್ಲಿ ಕೊಚ್ಚಿಹೋಯಿತೆಂದು ಓಣಿಯೆಲ್ಲ ಸುದ್ದಿ. ಹತ್ತು ಜನ ಸಲಿಕೆ ತಂದು ಹತ್ತು ಬಚ್ಚಲ ಹಿಂದೆ ಅಗೆದರು. ಅವರು ಬಂಗಾರ ಹುಡುಕುತ್ತಿದ್ದರು, ರಾಚಯ್ಯ ಅವರ ಕಾಲಸಂದಿಯಲ್ಲಿ ತೂರಿ ಹುಳ ಹೆಕ್ಕುತ್ತಿದ್ದ. ಶಿವಲಿಂಗವ್ವ ಸಾಲೆಯಿಂದ ಓಡೋಡಿ ಬಂದಳು. ಬೋರಮಾಳ ಅವಳ ಕೊರಳಲ್ಲೇ ಇತ್ತು. ಜನ ರಾಚಯ್ಯನಿಗೆ ಬೈದು ಮನೆಗೆ ಹೋದರು.

ಬೈದರೆ ಬೈಯಲಿ, ಡಬ್ಬಿ ತುಂಬಿತ್ತು. ನಾಲ್ಕೂವರೆಗೆ ಹುಳಗಳನ್ನೆಲ್ಲ ಪೆಟ್ಟಿಗೆಗೆ ಸುರುವಿ, ರಾಚಯ್ಯ ಹಸಿ ಗೋಣಿ ಹೊದಿಸಿದ.

ಐದಕ್ಕೆ ಸರಿಯಾಗಿ ಬಂದ ಸಾಹೇಬರು ತಾವೇ ಗೋಣಿ ಎತ್ತಿದರು. ಎತ್ತಿದವರು ಎರಡು ಹೆಜ್ಜೆ ಹಿಂದೆ ಹಾರಿದರು.

“ಏನ್ರೀ ಇದು! ಗೊಬ್ಬರಾ ಅಂದಿದ್ರು, ಹುಳ ಬಿದ್ದಾವಲ್ರೀ!”

“ಸಾಹೇಬ್ರ, ಹುಳಾನ ಗೊಬ್ಬರಾ ಮಾಡ್ತಾವ್ರಿ...”

“ನನಗ ಹೇಳ್ಬ್ಯಾಡ್ರಿ. ಒಂದು ಪೆಟಗಿ ಸ್ವಚ್ಛ ಇಡಾಕ ಬರೂದಿಲ್ಲ ನಿಮಗ.”

ಗೋಡೆಯಾಚೆ ನಿಂತಿದ್ದ ಗುರುಲಿಂಗವ್ವನಿಗೆ ಈ ಅನ್ಯಾಯ ತಡೆದುಕೊಳ್ಳಲಾಗಲಿಲ್ಲ.

“ಬೈಬ್ಯಾಡ್ರಿ ಸಾಹೇಬ್ರ, ಪೆಟಗಿ ಸ್ವಚ್ಛನ ಇತ್ತು! ಮುಂಜಾನಿ ನಾನ ಒಂದೂ ಬಿಡದ ಆರಿಸಿದ್ದೆ. ಪಾಪ, ಅಯ್ಯಾರು ದಿನಾ ಪೂರ್ತಿ ಓಣಿ ಎಲ್ಲಾ ಅಗದು, ತಿರುಗಿ ತಂದು ಹಾಕ್ಯಾರ್ರಿ!”

ಸಾಹೇಬರು ರಾಚಯ್ಯನ ಕೆಸರು ಮೆತ್ತಿದ ಮೊಣಕಾಲನ್ನು ಒಮ್ಮೆ ನೋಡಿದರು. ಕಿಸೆಯಿಂದ ಕಾಗದ, ಪೆನ್ನು ತೆಗೆದು, ಹುನಗುಂದದ ವರ್ಗದ ಆದೇಶಕ್ಕೆ ನಿಂತಲ್ಲೇ ಸಹಿ ಹಾಕಿದರು.