ನಾಡಿ ಹಿಡಿದಾಗ ಆಡಿದ ಮಾತು

ನನ್ನ ಕಾಯಿಲೆಯ ಕಥೆಯನ್ನು ಕೊಪ್ಪಳದಲ್ಲಿ ಎಲ್ಲರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಮ್ಮ ಅರಿವೆ ಅಂಗಡಿಯ ಕಟ್ಟೆಗೆ ಬಂದು ಕೂತವರ ಪ್ರಕಾರ, ಹಕೀಮ ಇಮಾಮಸಾಬರು ಮೂರು ವಾರ ಪುಡಿ ತಿನ್ನಿಸಿ ಹುಡುಗನನ್ನು ಕೊಲ್ಲುವುದೊಂದು ಬಾಕಿ ಇಟ್ಟಿದ್ದರು, ಗದಗಿನ ಡಾಕ್ಟರು ಉಳಿಸಿದರು. ಕಥೆಯ ಎರಡನೆಯ ಅರ್ಧ ನಿಜ. ಮೊದಲ ಅರ್ಧ ಸುಳ್ಳೆನ್ನಲು ಸಾಕ್ಷಿಗಳು ಇಬ್ಬರೇ: ಮಗನ ಮೇಲಿನ ಮಮತೆಗೆ ಸುಮ್ಮನಿರುವ ನಮ್ಮಪ್ಪ, ಮತ್ತು ನಾನು. ಹೈದರಾಬಾದಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿ ಬಟ್ಟಲು ಗೆದ್ದು ಬಂದ ನಾನು ಯಾವ ವಿಷಯಕ್ಕಾದರೂ ಬಾಯಿ ಹಾಕುತ್ತೇನೆ. ಇದೊಂದಕ್ಕೆ ಮಾತ್ರ ಹಾಕಿಲ್ಲ.

ಆದದ್ದು ಇಷ್ಟು. ರಜೆಗೆ ಬಂದವನಿಗೆ ಚಳಿಜ್ವರ, ಬಲಗಡೆ ಪಕ್ಕೆಯಲ್ಲಿ ಚುಚ್ಚು. ತೊಟ್ಟಿಲಲ್ಲಿದ್ದಾಗಿನಿಂದ ನನಗೆ ಔಷಧ ಕೊಟ್ಟ ಇಮಾಮಸಾಬರನ್ನು ಅಪ್ಪ ಕರೆಸಿದರು. ನಾನು ಅವರನ್ನು ಚಾಚಾ ಅಂತಲೇ ಕರೆಯುವುದು. ಸಂತೆಯಲ್ಲಿ ಹೆಂಗಸರು ಗಡಿಗೆ ಬಡಿದು ನೋಡುವಂತೆ ಅವರು ನನ್ನ ಬೆನ್ನನ್ನು ಎರಡು ಬೆರಳಿನಿಂದ ಬಡಿದು ನೋಡಿ, “ಎಡಕ್ಕ ಖಾಲಿ ಗಡಗಿ, ಬಲಕ್ಕ ತುಂಬಿದ ಗಡಗಿ. ಇದು ನನ್ನ ಪುಡಿಗಿ ಬಗ್ಗೂದಲ್ರಿ ಶೆಟ್ರ, ಗದಗಕ್ಕ ಕರಕೊಂಡು ಹೋಗ್ರಿ” ಎಂದರು. ಆಮೇಲೆ ನಾಡಿ ಹಿಡಿದರು. ನಾಡಿ ಹಿಡಿದಷ್ಟು ಹೊತ್ತು ಅವರು ಮಾತಾಡುವುದಿಲ್ಲ; ಅವರ ತಂದೆಯ ಕಾಲದಿಂದ ಬಂದ ನೇಮ. ಚರ್ಚಾಸ್ಪರ್ಧೆಯ ನೇಮ ಬೇರೆ: ಎದುರಾಳಿ ಸುಮ್ಮನಾದರೆ ಸೋತ ಹಾಗೆ. ನಾನು ಶುರು ಹಚ್ಚಿಕೊಂಡೆ. ಚಳಿ ಬರುವುದು ಮಲೇರಿಯಾಕ್ಕೆ, ನನಗೆ ಚಳಿ ಬರುತ್ತದೆ, ಆದ್ದರಿಂದ ನನ್ನದು ಮಲೇರಿಯಾ. ಮನುಷ್ಯ ಗಡಿಗೆಯಲ್ಲ, ಆದ್ದರಿಂದ ಬಡಿದು ನೋಡುವುದು ಪ್ರಮಾಣವಲ್ಲ. ಹೀಗೆ ಏಳು ವಾದ ಮಂಡಿಸಿದೆ, ಎರಡು ಸಲ ಕೆಮ್ಮಿದೆ. ಅಪ್ಪನ ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು. ಚಾಚಾ ಕೈ ಬಿಟ್ಟು, ನನ್ನನ್ನೊಮ್ಮೆ ನೋಡಿ, “ಮಾತಿಗಿ ಸಾಲುವಷ್ಟು ಉಸಿರು ಇನ್ನಾ ಐತಿ. ಕಡಿಮಿ ಆದ ಕೂಡ್ಲೇ ಹೇಳಿ ಕಳಸ್ರಿ” ಎಂದು ಎದ್ದರು. ನಾನು ಗೆದ್ದೆ.

ಗೆದ್ದ ಸಂತೋಷದಲ್ಲಿ, ಅಪ್ಪ ತರಿಸಿಕೊಟ್ಟ ಮಲೇರಿಯಾದ ಮದ್ದು ಕ್ವಿನೈನನ್ನು ಮೂರು ವಾರ ಕುಡಿದೆ. ಚಾಚಾ ಪುಡಿ ಕೊಟ್ಟದ್ದೂ ಸುಳ್ಳಲ್ಲ. ಕ್ವಿನೈನಿನ ಕಹಿಗೆ ಬಾಯಿ ಕೆಟ್ಟಿತೆಂದು ನಾನು ಗೊಣಗಿದಾಗ ಕೊಟ್ಟ ಸೋಂಪಿನ ಪುಡಿ ಅದು. ದಿನಾ ಬಂದು ಅಪ್ಪನಿಗೆ ಗದಗಿನ ಮಾತು ನೆನಪಿಸುತ್ತಿದ್ದರು. ಅಪ್ಪ ನನ್ನ ಮುಖ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅಪ್ಪ ಚಹಾ ಬೇಕೇನೋ ಎಂದು ಕೇಳಿದರೆ, ಬೇಕು ಎನ್ನಲಿಕ್ಕೂ ನನಗೆ ಉಸಿರು ಸಾಲಲಿಲ್ಲ. ಚಾಚಾ ತಾವೇ ಚಕ್ಕಡಿ ತಂದು, ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಸ್ಟೇಶನ್ನಿಗೆ ಒಯ್ದರು, ರೈಲಿನಲ್ಲಿ ಗದಗಿನವರೆಗೂ ಬಂದರು. ಅಲ್ಲಿಯ ಡಾಕ್ಟರು ಮೊದಲು ಮಾಡಿದ ಕೆಲಸ, ನನ್ನ ಬೆನ್ನನ್ನು ಎರಡು ಬೆರಳಿನಿಂದ ಬಡಿದು ನೋಡಿದ್ದು. ಮನುಷ್ಯ ಗಡಿಗೆಯಲ್ಲ ಎಂಬ ವಾದ ನೆನಪಾಯಿತು, ಹೇಳಲು ಉಸಿರಿರಲಿಲ್ಲ. ಪಕ್ಕೆಯೊಳಗೆ ಕೀವು ತುಂಬಿತ್ತು. ಮೂರು ವಾರ ಮೊದಲೇ ಬಂದಿದ್ದರೆ ಸೂಜಿ ಚುಚ್ಚಿ ನೀರು ಎಳೆಯುವುದರಲ್ಲೇ ಮುಗಿಯುತ್ತಿತ್ತಂತೆ. ಈಗ ಒಂದು ತುಂಡು ಪಕ್ಕೆಲುಬು ತೆಗೆದು, ಕೀವು ಇಳಿಯಲು ನಳಿಗೆ ಇಟ್ಟರು. ಅಲ್ಲಿ ಮಲಗಿದ್ದ ಆರು ವಾರ ನಾನು ಬಾಳಿನಲ್ಲೇ ಅತಿ ಕಡಿಮೆ ಮಾತಾಡಿದ ಕಾಲ. ನಕ್ಕರೂ ಹೊಲಿಗೆ ಎಳೆಯುತ್ತಿತ್ತು.

ಮರಳಿ ಬಂದಾಗ ಕಟ್ಟೆಯ ಕಥೆ ಸಿದ್ಧವಾಗಿತ್ತು. ಹತ್ತಿರದ ಅಳವಂಡಿ ಊರಿನಿಂದ ಬರುವ ರೋಗಿಗಳು ಈಗ ಚಾಚಾನ ಬಾಗಿಲು ದಾಟಿ ಮುಂದಕ್ಕೆ ಹೋಗುತ್ತಾರೆ. ನಿನ್ನೆ ಹೋದಾಗ ಅವರ ಜಗಲಿಯ ಮೇಲೆ ಒಬ್ಬರೂ ಇರಲಿಲ್ಲ. “ಬಾ ಬೇಟಾ, ಕೈ ಕೊಡು” ಎಂದು ನಾಡಿ ಹಿಡಿದು ಕಣ್ಣು ಮುಚ್ಚಿದರು. ನೇಮ ಗೊತ್ತಿದ್ದೂ ಕೇಳಿಯೇಬಿಟ್ಟೆ: “ಚಾಚಾ, ಊರಾಗ ಇಷ್ಟು ಮಂದಿ ಮಾತಾಡಿದ್ರೂ ನೀವ್ಯಾಕ ಸುಮ್ನದೀರಿ? ನಾ ಬಾಯಿ ಬಿಡ್ಲಿ ಅಂತ ಕಾಯಾಕ ಹತ್ತೀರೇನು?”