ಜಾನ್ ರಾಜನ ಮೈಸೂರು ಪೇಟ

ಸತ್ತು ಎಂಟುನೂರು ವರ್ಷವಾದರೂ ಇಂಗ್ಲೆಂಡಿನ ರಾಜರು ನನ್ನ ಬೆನ್ನು ಬಿಟ್ಟಿಲ್ಲ. ನ್ಯೂಜೆರ್ಸಿಯ ಒಂದು ಶಾಲೆಯಲ್ಲಿ ಏಳನೇ ಕ್ಲಾಸಿಗೆ ನಾನು ಚರಿತ್ರೆ ಟೀಚರು. ವರ್ಷಕ್ಕೊಂದು ಫಜೀತಿ ತಂದಿಡದಿದ್ದರೆ ಆ ರಾಜರಿಗೆ ಸಮಾಧಾನವಿಲ್ಲ. ಸಂಜೆ ಬಂದು ಎಲ್ಲವನ್ನೂ ನಮ್ಮನೆಯವರಿಗೆ ಹೇಳುತ್ತಿದ್ದೆ. ಈ ಜನವರಿಯಲ್ಲಿ ಅವರು ಹೋಗಿಬಿಟ್ಟರು. ಇನ್ನು ಯಾರಿಗೆ ಹೇಳಲಿ, ನಿಮಗೇ ಹೇಳುತ್ತೇನೆ.

ಕಿರೀಟ

ಮ್ಯಾಗ್ನಾ ಕಾರ್ಟಾ ಪಾಠವನ್ನು ನಾನು ನಾಟಕ ಆಡಿಸಿಯೇ ಕಲಿಸುವುದು. ಜಾನ್ ಅನ್ನೋ ರಾಜನ ಕಾಟ ತಡೆಯಲಾರದೆ ಜಮೀನ್ದಾರರು ತಿರುಗಿಬಿದ್ದರು, ಅವರ ಷರತ್ತುಗಳಿಗೆ ಅವನು ಮುದ್ರೆ ಒತ್ತಬೇಕಾಯಿತು, ಇಷ್ಟೇ ಕಥೆ. ನಾನು ರಾಜ, ಮಕ್ಕಳು ಜಮೀನ್ದಾರರು.

ಮೊದಲ ವರ್ಷ ಒಂದು ಕಿರೀಟ ತನ್ನಿ ಅಂತ ನಮ್ಮನೆಯವರನ್ನು ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ಅಟ್ಟಿದೆ. ಮದುವೆ ಸಾಮಾನಿನ ಅಂಗಡಿಯಿಂದ ಜರಿಯಂಚಿನ ಮೈಸೂರು ಪೇಟ ಹಿಡಿದು ಬಂದರು. "ರಾಜ ಅಂದ್ಮೇಲೆ ಪೇಟ ಅಲ್ವೇನೇ?" ಅಂದರು. ಬೇರೆ ದಾರಿಯಿಲ್ಲದೆ ಅದನ್ನೇ ಇಟ್ಟುಕೊಂಡೆ. ಆಮೇಲೆ ಟೆಸ್ಟಿನಲ್ಲಿ ಜಾನ್ ರಾಜನ ಚಿತ್ರ ಬರೆಯಿರಿ ಅಂದರೆ ಇಡೀ ಕ್ಲಾಸು ಪೇಟ ಸುತ್ತಿದ ಜಾನ್‌ನನ್ನು ಬರೆದಿತ್ತು.

ಇವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇನ್ನೂರು ವರ್ಷ ನಮ್ಮನ್ನ ಆಳಿದ್ರಲ್ಲ, ಒಂದೇ ಪೇಟದಲ್ಲಿ ತೀರಿಸಿಬಿಟ್ಟೆ ನೋಡು" ಅಂದರು.

ಜಮೀನು

ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಮನೆ ತಗೊಂಡಾಗ ಪತ್ರದಲ್ಲಿ 'ಫೀ ಸಿಂಪಲ್', ಅಂದರೆ ಪೂರ್ತಿ ಸ್ವಂತ ಹಕ್ಕು, ಅಂತ ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. ವಿಲಿಯಂ ದೊರೆ ಇಂಗ್ಲೆಂಡ್ ಗೆದ್ದು ನೆಲವೆಲ್ಲ ತನ್ನದೇ ಅಂದದ್ದು, ತನ್ನ ಕಡೆಯವರಿಗೆ ಹಂಚಿದ್ದು, ಆ ಏರ್ಪಾಡಿನಿಂದ ಬಂದ ಮಾತು ನಮ್ಮ ಪತ್ರದಲ್ಲೂ ಕೂತಿರುವುದು, ಎಲ್ಲ ಹೇಳಿದೆ. ಲಾಯರು ಗಡಿಯಾರ ನೋಡಿಕೊಂಡ.

ಅವತ್ತಿನಿಂದ ಬೇಸಿಗೆಯ ಪ್ರತಿ ಶನಿವಾರ ಲಾನ್ ಮೋವರ್ ತಳ್ಳುತ್ತಾ ಇವರದು ಒಂದೇ ಗೊಣಗಾಟ. "ಜಮೀನು ವಿಲಿಯಮ್ಮಂದಂತೆ, ಹುಲ್ಲು ಕೊಯ್ಯೋಕೆ ಮಾತ್ರ ನಾನಂತೆ. ಬರೋಕೆ ಹೇಳು ಅವನಿಗೆ."

ಈ ಏಪ್ರಿಲ್‌ನಲ್ಲಿ ಹುಲ್ಲು ಮೊಣಕಾಲಿಗೆ ಬಂತು. ವಿಲಿಯಮ್ಮೂ ಬರಲಿಲ್ಲ, ಇವರೂ ಬರಲಿಲ್ಲ.

ಕರಿಬೇವು

ಡಲ್ಲಾಸ್‌ನಲ್ಲಿರುವ ಮಗಳದು ಒಂದೇ ಹಟ. "ಅಮ್ಮಾ, ಇಟ್ಸ್ ಟೂ ಬಿಗ್ ಫಾರ್ ಯೂ. ಸ್ಕೂಲ್ ಮುಗಿದ ತಕ್ಷಣ ಮನೆ ಮಾರಿ ಇಲ್ಲಿಗೆ ಬಾ." ನನಗೆ ಬಿಡಲು ಮನಸ್ಸಿಲ್ಲ. ಇವರ ಚಪ್ಪಲಿ ಇನ್ನೂ ಗರಾಜಿನ ಬಾಗಿಲಲ್ಲೇ ಇದೆ. ಅದನ್ನು ಬಿಟ್ಟು ಎಲ್ಲಿಗೆ ಹೋಗಲಿ? ಆದರೆ ಮಗಳಿಗೆ ಕೊಡಲು ನನ್ನ ಹತ್ತಿರ ಒಂದು ಒಳ್ಳೆ ಕಾರಣವೂ ಇರಲಿಲ್ಲ.

ಹಿಲ್ಸ್‌ಬರೋದಿಂದ ಗೆಳತಿಯೊಬ್ಬರು ಮಾತಾಡಿಸಲು ಬಂದರು. ಅವರೂ ಅತ್ತರು, ನಾನೂ ಅತ್ತೆ. "ಒಬ್ರೇ ಹೇಗಿರ್ತೀರ್ರೀ, ಮಾರಿಬಿಡಿ" ಅಂದರು. ಹೊರಡುವಾಗ ಕಿಟಕಿ ಹತ್ತಿರದ ಕರಿಬೇವಿನ ಕುಂಡ ಸವರಿ, "ಇದನ್ನ ಡಲ್ಲಾಸ್‌ಗೆ ತಗೊಂಡು ಹೋಗೋಕಾಗಲ್ಲ ಅಲ್ವಾ?" ಅಂದರು.

ಮನೆಗಿಂತ ಮೊದಲು ಗಿಡಕ್ಕೆ ಗಿರಾಕಿ ಸಿಕ್ಕಿತು.

ಮುದ್ರೆ

ಮೇ ತಿಂಗಳಲ್ಲಿ ಜಾನ್ ರಾಜನ ಸರದಿ ಬಂತು. ಪೇಟ ತೆಗೆದರೆ ಇವರ ತಲೆಯೆಣ್ಣೆ ವಾಸನೆ. ಪ್ರತಿ ವರ್ಷ ನನಗೆ ಕೊಡುವ ಮುಂಚೆ ಕನ್ನಡಿ ಮುಂದೆ ತಾವೇ ಒಮ್ಮೆ ಇಟ್ಟುಕೊಂಡು ನೋಡುತ್ತಿದ್ದರಲ್ಲ, ಅದಕ್ಕೆ.

ಕ್ಲಾಸಿನಲ್ಲಿ ಷರತ್ತುಗಳನ್ನು ಓದುತ್ತಾ ಹೋದೆ. ಗಂಡ ಸತ್ತ ಹೆಂಗಸು ಅವನ ಮನೆಯಲ್ಲಿ ನಲವತ್ತು ದಿನ ಇರಬಹುದು ಅನ್ನೋದು ಬಂತು. ವರ್ಷವೂ ಓದುವ ಸಾಲೇ. ಈ ಸಲ ಪೇಟ ಇಟ್ಟುಕೊಂಡೇ ಅತ್ತುಬಿಟ್ಟೆ.

ಮಕ್ಕಳಿಗೆ ನನ್ನ ವಿಷಯ ಗೊತ್ತಿತ್ತು. ಒಬ್ಬ ಹುಡುಗಿ ಎದ್ದು, "ಆಮೇಲೆ ಅವಳು ಎಲ್ಲಿಗೆ ಹೋಗಬೇಕು?" ಅಂದಳು. ಜಮೀನ್ದಾರರು ತಲೆಗೆ ತಲೆ ಕೊಟ್ಟು ಗುಸುಗುಸು ಮಾಡಿ ತೀರ್ಪು ಕೊಟ್ಟರು. ಅವಳಿಗೆ ಬೇಕಾದಷ್ಟು ದಿನ ಅವಳು ಅಲ್ಲೇ ಇರಬೇಕು. ಚಳಿಗಾಲದಲ್ಲಿ ರಾಜನೇ ಬಂದು ಸ್ನೋ ತೆಗೆಯಬೇಕು. ಒಪ್ಪದಿದ್ದರೆ ಯುದ್ಧ. ಜಾನ್ ರಾಜ ಮೂಗೊರೆಸಿಕೊಂಡು ಮುದ್ರೆ ಒತ್ತಿದ.

ಸಂಜೆ ಮಗಳಿಗೆ ಫೋನ್ ಮಾಡಿ, "ಮನೆ ಮಾರಲ್ಲ ಕಣೇ, ಜಮೀನ್ದಾರರು ತೀರ್ಮಾನ ಮಾಡಿದ್ದಾರೆ" ಅಂದೆ. "ಅಮ್ಮಾ, ಹೂ ಆರ್ ದೀಸ್ ಪೀಪಲ್?" ಅಂತ ಗಾಬರಿಯಾದಳು. ಎಲ್ಲ ಹೇಳಿದೆ. ಅವಳೂ ಅತ್ತಳು. ಆಮೇಲೆ, ಹುಲ್ಲು ಕೊಯ್ಯೋಕೆ ಒಬ್ಬರನ್ನ ಗೊತ್ತುಮಾಡ್ತೀನಿ ಅಂದಳು.

ಮರುವಾರ ಟೆಸ್ಟು. 'ಜಾನ್ ರಾಜ ಮುದ್ರೆ ಒತ್ತಿದ್ದು ಯಾಕೆ?' ಅಂತ ಕೇಳಿದ್ದೆ. ಒಬ್ಬ ಹುಡುಗ ಪೇಟ ಸುತ್ತಿ ಅಳುತ್ತಿರುವ ರಾಜನ ಚಿತ್ರ ಬರೆದು, ಕೆಳಗೆ ಉತ್ತರ ಬರೆದಿದ್ದ: 'ಯಾಕೆಂದರೆ ಅವನ ಗಂಡ ತೀರಿಹೋಗಿದ್ದರು.'

ರಾತ್ರಿ ಮನೆಯಲ್ಲಿ ತಿದ್ದುತ್ತಾ ಕೂತವಳು ಬಿದ್ದು ಬಿದ್ದು ನಕ್ಕೆ. ನಗುತ್ತಲೇ ಆ ಹಾಳೆ ಹಿಡಿದು "ರೀ, ಇಲ್ನೋಡಿ" ಅಂತ ಹಾಲ್‌ವರೆಗೂ ಹೋಗಿಬಿಟ್ಟಿದ್ದೆ.